ಎನ್‌ಶೂರ್, ಅಶೂರ್, ಇನ್ಶೂರ್: ಎಲ್ಲದಕ್ಕೂ 'ಖಚಿತಪಡಿಸು' ಅಂದರೆ ಹೇಗೆ?

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಕನ್ನಡ ಮೀಡಿಯಂನಲ್ಲಿ ಓದಿದವಳು. ಜನರಿಗೆ ಇಂಗ್ಲಿಷಿನಲ್ಲಿ ಅರ್ಜಿ, ಪತ್ರ ಟೈಪ್ ಮಾಡಿ ಕೊಡುತ್ತೇನೆ. ಮೊನ್ನೆ ಒಬ್ಬರ ಸಾಲದ ಪತ್ರದಲ್ಲಿ 'ಐ ಎನ್‌ಶೂರ್ ಯು ದಟ್ ದ ಒರಿಜಿನಲ್ ವಿಲ್ ಬಿ ಸಬ್ಮಿಟೆಡ್' ಅಂತ ಬರೆದಿದ್ದೆ. ಬ್ಯಾಂಕಿನವರು ಎನ್‌ಶೂರ್ ಹೊಡೆದುಹಾಕಿ ಅಶೂರ್ ಅಂತ ಬರೆದು ವಾಪಸ್ ಕಳಿಸಿದರು. ಡಿಕ್ಷನರಿ ನೋಡಿದರೆ ಎರಡಕ್ಕೂ 'ಖಚಿತಪಡಿಸು' ಅಂತಲೇ ಉಂಟು, ಕನ್‌ಫರ್ಮ್ ಅಂದರೂ ಅದೇ. ಹಾಗಾದರೆ ವ್ಯತ್ಯಾಸ ಏನು? ಮತ್ತೆ ಎಲ್‌ಐಸಿ ಪಾಲಿಸಿಯಲ್ಲಿ ಸಮ್ ಅಶೂರ್ಡ್ ಅಂತ, ಆರೋಗ್ಯ ವಿಮೆಯಲ್ಲಿ ಸಮ್ ಇನ್ಶೂರ್ಡ್ ಅಂತ ಯಾಕೆ ಬರೆಯುತ್ತಾರೆ?

ಉತ್ತರ: ಬ್ಯಾಂಕಿನವರು ತಿದ್ದಿದ್ದು ಸರಿ. ಆದರೆ ನಿಮ್ಮ ದಾರಿ ತಪ್ಪಿಸಿದ್ದು ಇಂಗ್ಲಿಷಿಗಿಂತ ಜಾಸ್ತಿ ಆ 'ಖಚಿತಪಡಿಸು' ಅನ್ನುವ ಮಾತು. ಅದು ಪತ್ರಿಕೆಯ ಮಾತು, ಸುತ್ತೋಲೆಯ ಮಾತು. ಮನೆಯಲ್ಲಿ ಯಾರೂ 'ಗೇಟು ಮುಚ್ಚಿರುವುದನ್ನು ಖಚಿತಪಡಿಸು' ಅಂತ ಹೇಳುವುದಿಲ್ಲ, ಅಲ್ವಾ? ಇಂಗ್ಲಿಷಿನ ನಾಲ್ಕೈದು ಬೇರೆ ಬೇರೆ ಕ್ರಿಯಾಪದಗಳಿಗೆ ಈ ಒಂದೇ ಮಾತನ್ನು ಅಂಟಿಸಿಬಿಟ್ಟರೆ ಓದುವವರಿಗೆ ಅವೆಲ್ಲ ಒಂದೇ ಅನ್ನಿಸುತ್ತದೆ. ಮನೆಯ ಕನ್ನಡಕ್ಕೆ ಬನ್ನಿ. ಅಲ್ಲಿ ಈ ವ್ಯತ್ಯಾಸಗಳೆಲ್ಲ ಮೊದಲೇ ಇವೆ.

ತೋಟದ ಪಂಪಿನ ವಿಷಯವನ್ನೇ ತೆಗೆದುಕೊಳ್ಳಿ. ಅಪ್ಪ ಪೇಟೆಗೆ ಹೋಗಿದ್ದಾರೆ, ಅಡಿಕೆ ತೋಟದಲ್ಲಿ ಸ್ಪ್ರಿಂಕ್ಲರ್ ಓಡುತ್ತಾ ಇದೆ. ಅಪ್ಪ ಫೋನಿನಲ್ಲಿ 'ಆರು ಗಂಟೆಗೆ ಪಂಪು ಆಫ್ ಆಗುವ ಹಾಗೆ ನೋಡಿಕೋ' ಅಂದರೆ ಅದು ಎನ್‌ಶೂರ್. ಮಗ 'ನಾನಿದ್ದೇನಲ್ಲ, ಆಫ್ ಮಾಡುತ್ತೇನೆ, ನೀವು ತಲೆಬಿಸಿ ಮಾಡಬೇಡಿ' ಅಂದರೆ ಅದು ಅಶೂರ್. ಆರೂ ಕಾಲಕ್ಕೆ ಅಪ್ಪ ಮತ್ತೆ ಫೋನ್ ಮಾಡಿ 'ಆಫ್ ಆಯಿತಾ?' ಅಂತ ಕೇಳಿ, ಮಗ 'ಹೌದು, ಆಯಿತು' ಅಂದರೆ ಅದು ಕನ್‌ಫರ್ಮ್. ಅಪ್ಪನಿಗೆ ನಂಬಿಕೆ ಇಲ್ಲದೆ ಅಮ್ಮನ ಹತ್ತಿರ 'ನಿಜವಾಗಿ ಆಫ್ ಆಗಿದೆಯಾ ಹೋಗಿ ನೋಡು' ಅಂದರೆ ಅದು ಚೆಕ್. ಕಚೇರಿ ಇಂಗ್ಲಿಷಿನಲ್ಲಾದರೆ ಅಸರ್ಟೇನ್. ಪಂಪು ಸುಟ್ಟುಹೋದರೆ ದುಡ್ಡು ಬರಲಿ ಅಂತ ವರ್ಷ ವರ್ಷ ಕಂತು ಕಟ್ಟಿದರೆ ಅದು ಇನ್ಶೂರ್. ಪಂಪು ಒಂದೇ, ಕೆಲಸ ಐದು.

ಈಗ ಇವುಗಳಲ್ಲಿ ಎನ್‌ಶೂರ್ ಯಾವುದನ್ನು ನೋಡುತ್ತಾ ಇದೆ ಅಂತ ಗಮನಿಸಿ. ಅದರ ಕಣ್ಣು ಪಂಪಿನ ಮೇಲೆ, ಅಂದರೆ ಆಗಬೇಕಾದ ಕೆಲಸದ ಮೇಲೆ. ಅಶೂರ್ ನೋಡುವುದು ಅಪ್ಪನ ಮನಸ್ಸನ್ನು. ಮಗ ಮಾತು ಕೊಟ್ಟ ಕೂಡಲೇ ಪಂಪು ಆಫ್ ಆಗುವುದಿಲ್ಲ, ಅಪ್ಪನಿಗೆ ನೆಮ್ಮದಿ ಆಗುತ್ತದೆ, ಅಷ್ಟೆ. ಅದಕ್ಕೇ ಅಶೂರ್ ಆದಮೇಲೆ ಮನುಷ್ಯರು ಬರಬೇಕು: ಯು, ಹಿಮ್, ದ ಮ್ಯಾನೇಜರ್. ಎನ್‌ಶೂರ್ ಆದಮೇಲೆ ಒಂದು ಸಂಗತಿ ಬರಬೇಕು, ಇಲ್ಲವೇ 'ದಟ್' ಹಾಕಿ ಒಂದು ಇಡೀ ವಾಕ್ಯ ಬರಬೇಕು. 'ಐ ಎನ್‌ಶೂರ್ ಯು ದಟ್' ತಪ್ಪಾಗುವುದು ಇಲ್ಲೇ. ಅದು 'ನಾನು ನಿಮ್ಮನ್ನು ಆಗುವ ಹಾಗೆ ನೋಡಿಕೊಳ್ಳುತ್ತೇನೆ' ಅಂದ ಹಾಗೆ, ಅರ್ಧಕ್ಕೆ ನಿಂತ ಮಾತು.

ಇದಕ್ಕೆ ಒಂದು ಅಪವಾದ ಉಂಟು, ಹೇಳದಿದ್ದರೆ ನಾಳೆ ಯಾರಾದರೂ ಡಿಕ್ಷನರಿ ತೋರಿಸಿ ನಿಮ್ಮ ಹತ್ತಿರ ಜಗಳ ಮಾಡಬಹುದು. 'ದ ವಿನ್ ಎನ್‌ಶೂರ್ಡ್ ದೆಮ್ ಅ ಪ್ಲೇಸ್ ಇನ್ ದ ಫೈನಲ್' ಅಂತ ಕ್ರಿಕೆಟ್ ವರದಿಯಲ್ಲಿ ಬರೆಯುತ್ತಾರೆ. ಆ ಗೆಲುವಿನಿಂದ ಅವರಿಗೆ ಫೈನಲಿನಲ್ಲಿ ಜಾಗ ಗ್ಯಾರಂಟಿ ಆಯಿತು ಅಂತ ಅರ್ಥ. ಇಲ್ಲಿ ಎನ್‌ಶೂರ್ಡ್ ಆದ ಕೂಡಲೇ 'ದೆಮ್' ಬಂತು, ಆದರೆ ಅದರ ಬೆನ್ನಿಗೇ 'ಅ ಪ್ಲೇಸ್' ಅನ್ನುವ ಸಂಗತಿಯೂ ಬಂತು. ಯಾರಿಗೆ ಏನು ಸಿಕ್ಕಿತು ಅಂತ ಎರಡೂ ಇದ್ದರೆ ನಡೆಯುತ್ತದೆ. ಅರ್ಜಿ ಪತ್ರದಲ್ಲಿ ಈ ರಚನೆ ಬೇಕಾಗುವುದೇ ಇಲ್ಲ, ಗೊತ್ತಿದ್ದರೆ ಸಾಕು.

ನಿಮ್ಮ ವಾಕ್ಯವನ್ನು ಮೂರು ತರ ಬರೆಯಬಹುದು. 'ಐ ಅಶೂರ್ ಯು ದಟ್ ಐ ವಿಲ್ ಸಬ್ಮಿಟ್ ದ ಒರಿಜಿನಲ್' ಅಂದರೆ ಮಾತು ಕೊಟ್ಟ ಹಾಗೆ. 'ಐ ವಿಲ್ ಎನ್‌ಶೂರ್ ದಟ್ ದ ಒರಿಜಿನಲ್ ರೀಚಸ್ ಯು' ಅಂದರೆ ಅದು ನಿಮಗೆ ತಲುಪುವವರೆಗಿನ ಜವಾಬ್ದಾರಿ ನನ್ನದು, ನಾನೇ ತರದಿದ್ದರೂ ಯಾರ ಕೈಯಲ್ಲಾದರೂ ಕಳಿಸುತ್ತೇನೆ ಅಂದ ಹಾಗೆ. ಮೂರನೆಯದು ಬರೀ 'ಐ ವಿಲ್ ಸಬ್ಮಿಟ್ ದ ಒರಿಜಿನಲ್' ಮತ್ತು ಇಂಥ ತಾರೀಕಿನ ಒಳಗೆ ಅಂತ ದಿನ. ನನ್ನನ್ನು ಕೇಳಿದರೆ ಈ ಮೂರನೆಯದೇ ಒಳ್ಳೆಯದು. ಬ್ಯಾಂಕಿನವರಿಗೆ ಬೇಕಾದ್ದು ತಾರೀಕು, ಆಣೆ ಪ್ರಮಾಣ ಅಲ್ಲ. ಪತ್ರದಲ್ಲಿ ಎರಡು ಮೂರು ಕಡೆ 'ಐ ಅಶೂರ್ ಯು' ಬಂದರೆ ಓದುವವರಿಗೆ ಸುಮ್ನೆ ಸಂಶಯ ಬರುತ್ತದೆ, ಇವರು ಯಾಕೆ ಇಷ್ಟು ಸಲ ಭರವಸೆ ಕೊಡುತ್ತಾ ಇದ್ದಾರೆ ಅಂತ.

ಆ ಎರಡು ವಾಕ್ಯಗಳಲ್ಲಿ ಇನ್ನೊಂದು ವ್ಯತ್ಯಾಸ ಇದೆ. ಅಶೂರ್ ಇರುವಲ್ಲಿ 'ವಿಲ್ ಸಬ್ಮಿಟ್' ಅಂತ ಮುಂದಿನ ಕಾಲ ಬಂತು, ಎನ್‌ಶೂರ್ ಇರುವಲ್ಲಿ 'ರೀಚಸ್' ಅಂತ ಈಗಿನ ಕಾಲ ಬಂತು. ಅಶೂರ್ ಅನ್ನುವುದು ಒಂದು ಮಾತನ್ನು ಹೇಳುವುದು, ಹಾಗಾಗಿ ಮುಂದೆ ಆಗುವ ಕೆಲಸಕ್ಕೆ ವಿಲ್ ಸಹಜವಾಗಿಯೇ ಬರುತ್ತದೆ. ಎನ್‌ಶೂರ್ ಮತ್ತು ಮೇಕ್ ಶೂರ್ ಆದಮೇಲೆ ನಾಳೆಯ ಕೆಲಸಕ್ಕೂ ಸಾಮಾನ್ಯವಾಗಿ ಈಗಿನ ಕಾಲವೇ. 'ಪ್ಲೀಸ್ ಎನ್‌ಶೂರ್ ದಟ್ ಆಲ್ ಪೇಜಸ್ ಆರ್ ಸೈನ್ಡ್', ಎಲ್ಲ ಪುಟಕ್ಕೂ ಸಹಿ ಆಗಿರುವ ಹಾಗೆ ನೋಡಿಕೊಳ್ಳಿ. 'ವಿಲ್ ಬಿ ಸೈನ್ಡ್' ಅಂತ ಬರೆದರೆ ಅರ್ಥ ಕೆಡುವುದಿಲ್ಲ, ಕೆಲವರು ಹಾಗೂ ಬರೆಯುತ್ತಾರೆ. ಆದರೆ ಕಿವಿಗೆ ಸ್ವಲ್ಪ ಭಾರ.

ನಮ್ಮ ದೇಶದ ಕಚೇರಿ ಇಂಗ್ಲಿಷಿನಲ್ಲಿ ಜಾಸ್ತಿ ಕಾಣುವ ತಪ್ಪು ಬೇರೆಯೇ: 'ಕೈಂಡ್ಲಿ ಎನ್‌ಶೂರ್ ಟು ಸಬ್ಮಿಟ್'. ಎನ್‌ಶೂರ್ ಆದಮೇಲೆ 'ಟು' ಬರುವುದಿಲ್ಲ. 'ಬಿ ಶೂರ್ ಟು ಸಬ್ಮಿಟ್' ಸರಿ, 'ಎನ್‌ಶೂರ್ ದಟ್ ಯು ಸಬ್ಮಿಟ್' ಸರಿ, ಇವೆರಡನ್ನೂ ಒಟ್ಟಿಗೆ ಕಲಸಿದ್ದೇ ಆ ತಪ್ಪು. 'ಎನ್‌ಶೂರ್ ಅಬೌಟ್' ಅನ್ನುವುದೂ ಇಲ್ಲ. ಅಶೂರಿನ ಕಡೆಯಲ್ಲಿ ಕಾಣುವ ತಪ್ಪು ಇದಕ್ಕೆ ಉಲ್ಟಾ. 'ದ ಮಿನಿಸ್ಟರ್ ಅಶೂರ್ಡ್ ದಟ್ ದ ರೋಡ್ ವಿಲ್ ಬಿ ರಿಪೇರ್ಡ್' ಅಂತ ನಮ್ಮ ಇಂಗ್ಲಿಷ್ ಪೇಪರಿನವರೇ ಬರೆದುಬಿಡುತ್ತಾರೆ. ಯಾರಿಗೆ ಅಶೂರ್ ಮಾಡಿದರು? ಆ ಮನುಷ್ಯರು ಕಾಣೆ. 'ಅಶೂರ್ಡ್ ದ ವಿಲೇಜರ್ಸ್ ದಟ್' ಅಂತ ಇರಬೇಕು. ಕನ್ನಡದಲ್ಲಿ 'ಸಚಿವರು ಭರವಸೆ ನೀಡಿದರು' ಅಂತ ಯಾರಿಗೆ ಅನ್ನುವುದನ್ನು ಬಿಟ್ಟರೂ ವಾಕ್ಯ ನಿಲ್ಲುತ್ತದೆ. ಇಂಗ್ಲಿಷಿನ ಅಶೂರ್ ಹಾಗೆ ಬಿಡಲು ಒಪ್ಪುವುದಿಲ್ಲ. ಭರವಸೆಯ ವಿಷಯವನ್ನು ಒಂದೆರಡು ಪದದಲ್ಲಿ ಹೇಳುವುದಾದರೆ 'ಆಫ್' ಹಾಕಿ: 'ಹಿ ಅಶೂರ್ಡ್ ಅಸ್ ಆಫ್ ಹಿಸ್ ಸಪೋರ್ಟ್'.

ವ್ಯಾಕರಣಕ್ಕಿಂತ ಮುಖ್ಯವಾದ ಒಂದು ವಿಷಯ ಇದೆ, ನೀವು ಬೇರೆಯವರ ಪರವಾಗಿ ಬರೆಯುವವರಾದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇನ್ನೊಬ್ಬರಿಗೆ 'ನೀವು ಎನ್‌ಶೂರ್ ಮಾಡಿ' ಅನ್ನುವುದು ಮೇಲಿನವರು ಕೆಳಗಿನವರಿಗೆ ಹೇಳುವ ಮಾತು. ಸುತ್ತೋಲೆಯಲ್ಲಿ 'ಆಲ್ ಹೆಡ್‌ಮಾಸ್ಟರ್ಸ್ ಶಲ್ ಎನ್‌ಶೂರ್ ದಟ್' ಅಂತ ಬರುತ್ತದೆ, ಟೆಂಡರಿನಲ್ಲಿ 'ದ ಕಂಟ್ರಾಕ್ಟರ್ ಶಲ್ ಎನ್‌ಶೂರ್' ಅಂತ ಬರುತ್ತದೆ. ಅಂದರೆ ಕೆಲಸ ಆಗದಿದ್ದರೆ ಕೇಳುವುದು ನಿನ್ನನ್ನೇ ಅಂತ. ಇದೇ ಮಾತನ್ನು ಒಬ್ಬ ಬಡ ರೈತ ಕೃಷಿ ಅಧಿಕಾರಿಗೆ ಬರೆದ ಅರ್ಜಿಯಲ್ಲಿ 'ಪ್ಲೀಸ್ ಎನ್‌ಶೂರ್ ದಟ್ ಮೈ ಸಬ್ಸಿಡಿ ಈಸ್ ಪೇಡ್' ಅಂತ ಹಾಕಿದರೆ ಅಪ್ಪಣೆ ಕೊಟ್ಟ ಹಾಗೆ ಕೇಳುತ್ತದೆ. ಪ್ಲೀಸ್ ಇದ್ದರೂ ಅಷ್ಟೆ, ಕೈಂಡ್ಲಿ ಹಾಕಿದರೂ ಅಷ್ಟೆ. ಅಲ್ಲಿ 'ಐ ರಿಕ್ವೆಸ್ಟ್ ಯು ಟು ರಿಲೀಸ್ ಮೈ ಸಬ್ಸಿಡಿ' ಅಂತ ನೇರವಾಗಿ ಬರೆಯಿರಿ. ಮೊದಲೇ ಕೊಟ್ಟ ಅರ್ಜಿ ಸಿಕ್ಕಿದೆಯಾ ಅಂತ ಕೇಳುವುದಾದರೆ 'ಪ್ಲೀಸ್ ಕನ್‌ಫರ್ಮ್ ದಟ್ ಯು ಹ್ಯಾವ್ ರಿಸೀವ್ಡ್' ಅನ್ನುವುದರಲ್ಲಿ ಏನೂ ತೊಂದರೆ ಇಲ್ಲ, ಅದು ಯಾರು ಯಾರಿಗೂ ಕೇಳಬಹುದಾದ ಪ್ರಶ್ನೆ. ಮೇಕ್ ಶೂರ್ ಸಲಿಗೆಯ ಮಾತು. ಅಣ್ಣನಿಗೆ ಮೆಸೇಜ್ ಮಾಡಲು ಚೆಂದ, ಅರ್ಜಿಗೆ ಬೇಡ.

ಇನ್ನೊಂದು ಚಿಕ್ಕ ಮಾತು, ಪ್ರಶ್ನೆಗೆ ನೇರ ಸಂಬಂಧ ಇಲ್ಲ. ಬ್ಯಾಂಕಿಗೆ ಇಂಗ್ಲಿಷ್ ಇರಲಿ. ಆದರೆ ಕೇರಳ ಸರ್ಕಾರದ ಕಚೇರಿಗಳಿಗೆ ಬರೆಯುವಾಗ ಕಾಸರಗೋಡಿನ ಕನ್ನಡಿಗರಿಗೆ ಕನ್ನಡದಲ್ಲೇ ಬರೆಯುವ ಹಕ್ಕು ಇದೆ. 1969ರ ಆಡಳಿತ ಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಅದನ್ನು ಕೊಟ್ಟಿತು. ನಿಮ್ಮ ಅಂಗಡಿಗೆ ಬರುವವರಲ್ಲಿ ಎಷ್ಟೋ ಜನರಿಗೆ ಅದು ಗೊತ್ತಿರುವುದಿಲ್ಲ.

ಎನ್‌ಶೂರ್ ಮನುಷ್ಯರೇ ಮಾಡಬೇಕು ಅಂತಲೂ ಇಲ್ಲ. 'ಗುಡ್ ಡ್ರೈನೇಜ್ ಎನ್‌ಶೂರ್ಸ್ ಹೆಲ್ದಿ ರೂಟ್ಸ್' ಅಂತ ಕೃಷಿ ಕೈಪಿಡಿಯಲ್ಲಿ ಬರೆಯಬಹುದು. ಕನ್ನಡದಲ್ಲಿ ಇದನ್ನು 'ಉತ್ತಮ ಬಸಿಗಾಲುವೆಯು ಆರೋಗ್ಯಕರ ಬೇರುಗಳನ್ನು ಖಚಿತಪಡಿಸುತ್ತದೆ' ಅಂತ ಬರೆದವರಿಗೆ ನನ್ನ ನಮಸ್ಕಾರ. ನಮ್ಮಲ್ಲಿ ಬಸಿಗಾಲುವೆ ಏನನ್ನೂ ಖಚಿತಪಡಿಸುವುದಿಲ್ಲ. 'ನೀರು ಸರಿಯಾಗಿ ಬಸಿದು ಹೋದರೆ ಬೇರು ಚೆನ್ನಾಗಿರುತ್ತದೆ' ಅಂತ ಹೇಳುತ್ತೇವೆ. ಹೀಗೆ ಕನ್ನಡದಿಂದ ಇಂಗ್ಲಿಷಿಗೆ ಮಾಡುವಾಗ, 'ಹೀಗೆ ಮಾಡಿದರೆ ಹಾಗೆ ಆಗಿಯೇ ಆಗುತ್ತದೆ' ಅನ್ನುವ ಮಾತು ಎಲ್ಲಿ ಬಂದರೂ ಅಲ್ಲಿ ಎನ್‌ಶೂರ್ ಹಾಕಬಹುದು. ಈ ಉಪಯೋಗವನ್ನು ಶಾಲೆಯಲ್ಲಿ ಕಲಿಸುವುದು ಕಡಿಮೆ.

ಕಾಸರಗೋಡಿನವರಿಗೆ ಇಲ್ಲಿ ಒಂದು ಲಾಭ ಉಂಟು, ಅದನ್ನು ಬೆಂಗಳೂರಿನವರಿಗೆ ಕೊಡಲು ಸಾಧ್ಯ ಇಲ್ಲ. ಬಸ್ಸಿನಲ್ಲಿ, ಪಂಚಾಯತಿನಲ್ಲಿ ನೀವು ದಿನಾ ಕೇಳುವ ಮಲಯಾಳದ 'ಉರಪ್ಪ್' ಇದೆಯಲ್ಲ, ಅದರ ಬಾಲ ಬದಲಾದ ಹಾಗೆ ಅರ್ಥ ಬದಲಾಗುತ್ತದೆ. ಉರಪ್ಪಾಕ್ಕುಕ ಅಂದರೆ ಆಗುವ ಹಾಗೆ ಮಾಡುವುದು, ಸರಿಯಾಗಿ ಎನ್‌ಶೂರ್. ಉರಪ್ಪು ಕೊಡುಕ್ಕುಕ ಅಂದರೆ ಇನ್ನೊಬ್ಬರಿಗೆ ಮಾತು ಕೊಡುವುದು, ಅದು ಅಶೂರ್. ಕಲ್ಯಾಣಂ ಉರಪ್ಪಿಚ್ಚು ಅಂದರೆ ಮದುವೆ ಗೊತ್ತಾಯಿತು, ಅದು ಕನ್‌ಫರ್ಮಿನ ಹತ್ತಿರ. ಉರಪ್ಪಾಣೋ ಅಂತ ಕೇಳಿದರೆ 'ಆರ್ ಯು ಶೂರ್' ಅಂತ. ನಮ್ಮ ಕಡೆಯ ಕನ್ನಡದಲ್ಲಿ ಈ ಮದುವೆಯ ವಿಷಯಕ್ಕೆ 'ನಿಘಂಟಾಯಿತು' ಅಂತ ಹಿರಿಯರು ಹೇಳುತ್ತಾರೆ, ಅದನ್ನೂ ಬಳಸಿಕೊಳ್ಳಿ. ಆದರೆ ಒಂದು ಜಾಗ್ರತೆ. ತೊಳಿಲುರಪ್ಪ್ ಅನ್ನುವಲ್ಲಿ ಇರುವ ಉರಪ್ಪ್ ಎನ್‌ಶೂರ್ ಅಲ್ಲ, ಗ್ಯಾರಂಟಿ. ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಅನ್ನುವುದೂ ಅದೇ, 2005ರ ಕಾಯ್ದೆಯ ಇಂಗ್ಲಿಷ್ ಹೆಸರಿನಲ್ಲಿ ಇದ್ದದ್ದು ಗ್ಯಾರಂಟಿ ಅಂತಲೇ. ಗ್ಯಾರಂಟಿ ಅಂದರೆ ಮಾತು ತಪ್ಪಿದರೆ ಪರಿಹಾರ ಕೊಡಬೇಕು ಅನ್ನುವ ಕಟ್ಟುಪಾಡು ಅದರ ಜೊತೆಗೇ ಬರುತ್ತದೆ. ಆ ಕಾಯ್ದೆಯಲ್ಲಿ ಕೆಲಸ ಕೇಳಿ 15 ದಿನದಲ್ಲಿ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಅಂತ ಇಟ್ಟದ್ದು ಅದಕ್ಕೇ. ಎನ್‌ಶೂರ್ ಅಂದಾಗ ಅಂಥ ದಂಡ ಏನೂ ಇಲ್ಲ.

ಕನ್‌ಫರ್ಮ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಒಂದು ಸ್ಪೆಲ್ಲಿಂಗ್ ತಪ್ಪು ಮಾತ್ರ. ನಾವು ಬಾಯಲ್ಲಿ 'ಕನ್‌ಫಾರ್ಮ್' ಅಂತ ಎಳೆಯುತ್ತೇವೆ, ಆಮೇಲೆ ಟೈಪ್ ಮಾಡುವಾಗಲೂ ನಡುವೆ ಐ ಬರಬೇಕಾದಲ್ಲಿ ಓ ಹಾಕಿಬಿಡುತ್ತೇವೆ. ಓ ಹಾಕಿದರೆ ಅದು ಬೇರೆಯೇ ಪದ. ನಿಯಮಕ್ಕೆ ಹೊಂದಿಕೊಳ್ಳುವುದು, ನಾಲ್ಕು ಜನ ನಡೆದ ಹಾಗೆ ನಡೆಯುವುದು ಅಂತ ಅದರ ಅರ್ಥ. ರೈಲು ಟಿಕೆಟು ಹೊಂದಿಕೊಂಡು ಹೋಗುವುದಿಲ್ಲ, ಅದು ಕನ್‌ಫರ್ಮ್ ಆಗುತ್ತದೆ. ಕನ್‌ಫರ್ಮಿಗೆ ಮೊದಲೇ ಏನೋ ಒಂದು ಇರಬೇಕು: ಒಂದು ಸುದ್ದಿ, ಒಂದು ಬುಕಿಂಗ್, ಪ್ರೊಬೇಷನ್ನಿನಲ್ಲಿರುವ ಒಂದು ಕೆಲಸ. ಇರುವುದಕ್ಕೆ ಮುದ್ರೆ ಒತ್ತುವುದು ಅದರ ಕೆಲಸ. ಇಲ್ಲದ್ದನ್ನು ಆಗುವ ಹಾಗೆ ಮಾಡುವುದು ಎನ್‌ಶೂರಿನ ಕೆಲಸ.

ಇನ್ನು ಪಾಲಿಸಿಯ ವಿಷಯ. ಎನ್‌ಶೂರ್, ಅಶೂರ್, ಇನ್ಶೂರ್ ಮೂರೂ ಒಂದೇ ಮನೆಯವು. ಲ್ಯಾಟಿನಿನಲ್ಲಿ ಸೆಕ್ಯೂರುಸ್ ಅಂದರೆ ಚಿಂತೆ ಇಲ್ಲದವನು, ನಮ್ಮ ಭಾಷೆಯಲ್ಲಿ ಹೇಳುವುದಾದರೆ ತಲೆಬಿಸಿ ಇಲ್ಲದವನು. ಅದು ಫ್ರೆಂಚಿನ ಮೂಲಕ ಬರುವಾಗ ಸವೆದು ಶೂರ್ ಆಯಿತು, ನೇರವಾಗಿ ಬಂದದ್ದು ಸೆಕ್ಯೂರ್ ಆಗಿ ಉಳಿಯಿತು. ಎನ್‌ಶೂರ್ ಮತ್ತು ಇನ್ಶೂರ್ ಮೊದಲು ಒಂದೇ ಪದದ ಎರಡು ಸ್ಪೆಲ್ಲಿಂಗ್, ಆಮೇಲೆ ಐ ಇಂದ ಶುರುವಾಗುವುದು ವಿಮೆಯ ಪಾಲಿಗೆ ಹೋಯಿತು. ಉಚ್ಚಾರ ಈಗಲೂ ಹೆಚ್ಚುಕಡಿಮೆ ಒಂದೇ, ಕಿವಿಯಲ್ಲಿ ಕೇಳಿ ಯಾವುದು ಅಂತ ಹೇಳಲು ಆಗುವುದಿಲ್ಲ, ವಾಕ್ಯ ನೋಡಿಯೇ ತಿಳಿಯಬೇಕು. ನಡುವಿನ ಎಸ್ ಅಕ್ಷರವನ್ನು ಶುಗರ್ ಅನ್ನುವಾಗ ಹೇಳುವ ಹಾಗೆ 'ಶ' ಅಂತಲೇ ಹೇಳಬೇಕು.

ಇಂಗ್ಲೆಂಡಿನ ವಿಮೆಯವರು ಹಿಂದೆ ಒಂದು ಗೆರೆ ಎಳೆದುಕೊಂಡಿದ್ದರು. ಬೆಂಕಿ ಬೀಳಬಹುದು, ಬೀಳದೆಯೂ ಇರಬಹುದು, ಹಡಗು ಮುಳುಗಬಹುದು, ಮುಳುಗದೆಯೂ ಇರಬಹುದು. ಇಂಥದ್ದಕ್ಕೆ ಇನ್ಶೂರೆನ್ಸ್. ಸಾವು ಹಾಗಲ್ಲ, ಯಾವಾಗ ಅಂತ ಗೊತ್ತಿಲ್ಲದಿದ್ದರೂ ಬರುವುದು ಗ್ಯಾರಂಟಿ, ಹಾಗಾಗಿ ಜೀವ ವಿಮೆಯ ದುಡ್ಡು ಒಂದಲ್ಲ ಒಂದು ದಿನ ಕೊಡಲೇಬೇಕು. ಅದಕ್ಕೆ ಅಶೂರೆನ್ಸ್. 1762ರಲ್ಲಿ ಲಂಡನ್ನಿನಲ್ಲಿ ಶುರುವಾದ ಈಕ್ವಿಟೆಬಲ್ ಸೊಸೈಟಿಯ ಹೆಸರಿನಲ್ಲಿ ಅಶೂರೆನ್ಸ್ ಇತ್ತು, 1874ರಲ್ಲಿ ಮುಂಬೈಯಲ್ಲಿ ಶುರುವಾದ ಓರಿಯೆಂಟಲ್ ಗವರ್ನಮೆಂಟ್ ಸೆಕ್ಯುರಿಟಿ ಲೈಫ್ ಅಶೂರೆನ್ಸ್ ಕಂಪನಿಯ ಹೆಸರಿನಲ್ಲೂ ಇತ್ತು. ನಮ್ಮ 1938ರ ಕಾಯ್ದೆಯ ಹೆಸರು ಇನ್ಶೂರೆನ್ಸ್ ಆಕ್ಟ್, ಜೀವದ್ದೂ ಬೇರೆಯದ್ದೂ ಎಲ್ಲ ಅದರಲ್ಲೇ. 1956ರಲ್ಲಿ 245 ಸಂಸ್ಥೆಗಳನ್ನು ಸೇರಿಸಿ ಎಲ್‌ಐಸಿ ಮಾಡಿದಾಗ ಅದಕ್ಕೂ ಇನ್ಶೂರೆನ್ಸ್ ಅಂತಲೇ ಹೆಸರಿಟ್ಟರು. ಆದರೆ ಪಾಲಿಸಿ ಕಾಗದದ ಒಳಗೆ ಹಳೆಯ ಮಾತು ಹಾಗೇ ಕೂತಿದೆ: ಜೀವ ವಿಮೆಗೆ ಸಮ್ ಅಶೂರ್ಡ್, ಆರೋಗ್ಯ ವಿಮೆಗೆ ಸಮ್ ಇನ್ಶೂರ್ಡ್. ಒಂದರಲ್ಲಿ ಇಷ್ಟು ದುಡ್ಡು ಅಂತ ಮೊದಲೇ ಮಾತು ಕೊಟ್ಟಿದ್ದಾರೆ. ಇನ್ನೊಂದರಲ್ಲಿ ಇಷ್ಟರವರೆಗೆ ಮಾತ್ರ ಅಂತ ಮಿತಿ ಹಾಕಿದ್ದಾರೆ, ಆಸ್ಪತ್ರೆ ಬಿಲ್ಲು ಕಡಿಮೆ ಆದರೆ ಸಾಮಾನ್ಯವಾಗಿ ಅಷ್ಟೇ ಸಿಗುವುದು. ಫಾರಂ ತುಂಬುವಾಗ ಇವೆರಡನ್ನು ಅದಲುಬದಲು ಮಾಡಬೇಡಿ.

ವಿಚಿತ್ರ ಅಂದರೆ ಅಶೂರೆನ್ಸ್ ಇದೆ, ಇನ್ಶೂರೆನ್ಸ್ ಇದೆ, ಎನ್‌ಶೂರೆನ್ಸ್ ಅನ್ನುವ ನಾಮಪದ ಮಾತ್ರ ಇವತ್ತಿನ ಇಂಗ್ಲಿಷಿನಲ್ಲಿ ಬಳಕೆಯಲ್ಲಿ ಇಲ್ಲ. 'ಸುರಕ್ಷತೆ ಇರುವ ಹಾಗೆ ನೋಡಿಕೊಳ್ಳುವುದಕ್ಕಾಗಿ' ಅಂತ ಬರೆಯಬೇಕಾದರೆ 'ಟು ಎನ್‌ಶೂರ್ ಸೇಫ್ಟಿ' ಅನ್ನಿ, ನಾಮಪದ ಹುಡುಕಲು ಹೋಗಬೇಡಿ.

ಕಡೆಗೆ ಅಮೆರಿಕದ ವಿಷಯ. ಅಲ್ಲಿಯವರು ಆಗುವ ಹಾಗೆ ಮಾಡು ಅನ್ನುವುದಕ್ಕೂ ಕೆಲವು ಸಲ ಐ ಇಂದ ಶುರುವಾಗುವ ಇನ್ಶೂರ್ ಬರೆಯುತ್ತಾರೆ. 1787ರ ಅವರ ಸಂವಿಧಾನದ ಪೀಠಿಕೆಯಲ್ಲೇ 'ಇನ್ಶೂರ್ ಡೊಮೆಸ್ಟಿಕ್ ಟ್ರ್ಯಾಂಕ್ವಿಲಿಟಿ' ಅಂತ ಇದೆ, ದೇಶದ ಒಳಗೆ ಶಾಂತಿ ಇರುವ ಹಾಗೆ ನೋಡಿಕೊಳ್ಳುವುದು ಅಂತ ಅದರ ಅರ್ಥ, ವಿಮೆಗೂ ಅದಕ್ಕೂ ಸಂಬಂಧ ಇಲ್ಲ. ಹಾಗಾಗಿ ಅಮೆರಿಕದ ಪುಸ್ತಕದಲ್ಲಿ ಅದನ್ನು ಕಂಡು ತಪ್ಪು ಅಂತ ಹೇಳಬೇಡಿ. ಆದರೆ ನಮ್ಮ ಬ್ಯಾಂಕು, ಕಚೇರಿಗಳಲ್ಲಿ ನಡೆಯುವುದು ಬ್ರಿಟಿಷ್ ಪದ್ಧತಿ, ಇಲ್ಲಿ ಇ ಇಂದ ಶುರುವಾಗುವುದನ್ನೇ ಬರೆಯಿರಿ. ಕಂಪ್ಯೂಟರಿನ ಸ್ಪೆಲ್ ಚೆಕ್ ಈ ವಿಷಯದಲ್ಲಿ ನಿಮಗೆ ಹೆಚ್ಚು ಸಹಾಯ ಮಾಡುವುದಿಲ್ಲ. ಮೂರೂ ಸರಿಯಾದ ಪದಗಳೇ ಆದ್ದರಿಂದ ತಪ್ಪು ಜಾಗದಲ್ಲಿ ಇದ್ದರೂ ಎಷ್ಟೋ ಸಲ ಕೆಂಪು ಗೆರೆ ಬರುವುದಿಲ್ಲ. ಪ್ರಿಂಟ್ ಕೊಡುವ ಮೊದಲು ಆ ಕ್ರಿಯಾಪದ ಆದಮೇಲೆ ಬಂದದ್ದು ಮನುಷ್ಯನಾ ಸಂಗತಿಯಾ ಅಂತ ಒಮ್ಮೆ ಕಣ್ಣು ಹಾಯಿಸಿ.